ಒಲೆಯೊಳಗಿನ ಅಲೆ

“ಎಲ್ಲಿಂದ ಬರ್ತಾ ಇದೀಯಪ್ಪಾ ನೀನು?”

ಕಾಟೊ ಪೆಟ್ರಿಯಾ ಊರಿನ ಶಿಶುವಿಹಾರದಲ್ಲಿ, ಮೊಣಕಾಲೆತ್ತರದ ಕುರ್ಚಿಗಳ ನಡುವೆ ಮಂಡಿಯೂರಿ ಕೂತು ಸ್ತಾಥಿಸ್ ಕೇಳಿದ. ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ಮಕ್ಕಳು ನೀಲಿ ಬಳಿದಿದ್ದ ಕತ್ತೆಯೊಂದು ಗೋಡೆಯಿಂದ ಅವನನ್ನೇ ನೋಡುತ್ತಿತ್ತು. ಕೈಯಲ್ಲಿದ್ದ ಅಳೆಯುವ ಯಂತ್ರ ಮಾತ್ರ ಬಿಸಿಲೇರಿದ ಜೀರುಂಡೆಯ ಹಾಗೆ ಕಿರ್ರೆನ್ನುತ್ತಿತ್ತು. ಅದರ ಮುಳ್ಳು ಹಸಿರು ಬಿಟ್ಟು, ಹಳದಿ ದಾಟಿ, ಕೆಂಪಿನ ಗೋಡೆಗೆ ಮೂತಿ ಒತ್ತಿ ನಿಂತಿತ್ತು.

ಸ್ತಾಥಿಸ್ ಆ ಶಾಲೆಯ ಮುಖ್ಯ ಮೇಷ್ಟ್ರು. ಶಿಶುವಿಹಾರವೂ ಅದೇ ಕಟ್ಟಡದಲ್ಲಿ, ಅವನದೇ ಉಸ್ತುವಾರಿ. ಎಳೆಯ ಮಕ್ಕಳು ಕೂರುವ ಕಡೆ ವೈಫೈ ಕೂಡದು, ಏನಿದ್ದರೂ ತಂತಿಯ ಮೂಲಕ ನಡೆಯಬೇಕು ಎಂದು ಮೇಲಿನವರ ಅಪ್ಪಣೆ ಬಂದಾಗ ಅವನು ಬೇಸಿಗೆ ರಜೆಯಲ್ಲೇ ಶಾಲೆಯ ಡಬ್ಬಿಯನ್ನು ಕಿತ್ತು, ಏಣಿ ಹತ್ತಿ ತಾನೇ ತಂತಿ ಎಳೆದಿದ್ದ. ಈ ಅಲೆಗಳು ಮಕ್ಕಳಿಗೆ ಎಷ್ಟು ಕೆಡುಕು ಮಾಡುತ್ತವೆ ಎಂಬುದರಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ ಎಂದು ಅವನು ಎಲ್ಲೋ ಓದಿದ್ದ. ತನಗೆ ಎಷ್ಟು ಕೆಡುಕು ಮಾಡುತ್ತವೆ ಎಂಬುದರಲ್ಲಿ ಮಾತ್ರ ಅವನಿಗೆ ಸಂಶಯವಿರಲಿಲ್ಲ.

ಯಾಕೆಂದರೆ ಇವತ್ತು ಮಧ್ಯಾಹ್ನ ತಪಾಸಣೆಗೆ ಕಲ್ಲಿಯೋಪಿ ಮೇಡಂ ಬರುವವರಿದ್ದರು. ಅವರ ಒಂದು ಒಳ್ಳೆಯ ಮಾತಿನ ಮೇಲೆ ಸ್ತಾಥಿಸನ ವರ್ಗಾವಣೆ ನಿಂತಿತ್ತು. ಅವನ ಹೆಂಡತಿ ಎವಾಂಥಿಯಾ ಲಿಮಸೋಲಿನಲ್ಲಿ ಸಮುದ್ರದ ಹತ್ತಿರ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಳು. ಆ ಅಂಗಡಿಯನ್ನು ಬೆಟ್ಟಕ್ಕೆ ಹತ್ತಿಸುವಂತಿರಲಿಲ್ಲ. ಗಂಡ ಬೆಟ್ಟದಲ್ಲಿ, ಹೆಂಡತಿ ಕಡಲಲ್ಲಿ. ವಾರಕ್ಕೊಮ್ಮೆ ಮನೆಗೆ ಹೋದರೆ ಬೆಕ್ಕು ಕೂಡ ಅವನನ್ನು ನೆಂಟನ ಹಾಗೆ ಮೂಸಿ ನೋಡುತ್ತಿತ್ತು. “ಈ ವರ್ಷಾನೂ ವರ್ಗ ಆಗ್ಲಿಲ್ಲ ಅಂದ್ರೆ ಮಂಚದ ನಿನ್ನ ಕಡೆಗೆ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಹಾಕ್ತೀನಿ,” ಎಂದು ಅವಳು ಹೋದ ವಾರ ಹೇಳಿದ್ದಳು. ಎವಾಂಥಿಯಾ ತಮಾಷೆಗೆ ಹೇಳುವ ಪೈಕಿ ಅಲ್ಲ.

ಈ ವರ್ಗಾವಣೆಯ ವಿಷಯ ಊರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಊರು ಬಿಡುವ ಮೇಷ್ಟ್ರಿಗೆ ಕಾಟೊ ಪೆಟ್ರಿಯಾದಲ್ಲಿ ಕಾಫಿಯೂ ತಣ್ಣಗೇ ಸಿಗುತ್ತದೆ ಎಂದು ಹಿಂದಿನ ಮೇಷ್ಟ್ರು ಹೋಗುವಾಗ ಕಿವಿಯಲ್ಲಿ ಹೇಳಿ ಹೋಗಿದ್ದರು.

ಅವನು ಯಂತ್ರವನ್ನು ದೀಪದ ಹಾಗೆ ಮುಂದೆ ಹಿಡಿದುಕೊಂಡು ಕೋಣೆಯೆಲ್ಲ ಸುತ್ತಿದ. ಮಕ್ಕಳ ಹಾಸಿಗೆಗಳ ಹತ್ತಿರ ಕಿರ್ರ್ ಅಂದಿತು. ನೀಲಿ ಕತ್ತೆಯ ಹತ್ತಿರ ಇನ್ನೂ ಜೋರಾಗಿ. ಕತ್ತೆಯ ಹೊಟ್ಟೆಗೆ ಆನಿಸಿದರೆ ಕಿವಿ ತೂತಾಗುವಂತೆ ಕೂಗಿತು. ಕತ್ತೆಯ ಹಿಂದೆ ಗೋಡೆ. ಗೋಡೆಯ ಹಿಂದೆ ತೋಫಿಸನ ಕಾಫಿ ಅಂಗಡಿ.

ತೋಫಿಸ್ ಆಗತಾನೆ ಬಾಗಿಲು ತೆಗೆದು ಅಲಸಂದೆ ಬೇಯಲು ಇಟ್ಟಿದ್ದ. ಊರಿನ ಮುಖ್ತಾರ ಹಂಬಿಸ್, ಅಂದರೆ ಊರ ಯಜಮಾನ, ಮೀಸೆಗೆ ಕಾಫಿ ತಾಗದ ಹಾಗೆ ಹೀರುತ್ತ ಕೂತಿದ್ದ. ಹಂಬಿಸನಿಗೆ ಹಿಂದಿನಿಂದ ಬಂದದ್ದೊಂದು ವಿದ್ಯೆ ಇತ್ತು: ಕಣ್ಣಿಗೆ ಬಿದ್ದದ್ದರ ಮೇಲೆ ನಿಂತ ನಿಲುವಿನಲ್ಲೇ ಎರಡು ಸಾಲು ಪದ ಕಟ್ಟಿ ಹೇಳುವುದು. ಮದುವೆಮನೆಗಳಲ್ಲಿ ಅವನ ಎದುರಿಗೆ ನಿಂತು ಪದಕ್ಕೆ ಪದ ತಿರುಗಿಸಬಲ್ಲವಳು ಊರಿನಲ್ಲಿ ಒಬ್ಬಳೇ. ಅವಳು ಆಮೇಲೆ ಬರುತ್ತಾಳೆ.

“ತೋಫಿಸ್, ನಿನ್ನ ವೈಫೈ ಡಬ್ಬಿ ಎಲ್ಲಿ?” ಸ್ತಾಥಿಸ್ ಕೇಳಿದ.

“ಇಗೋ ಇಲ್ಲೇ, ಕಣ್ಣೆದುರಿಗೆ.” ಗೋಡೆಗೆ ಹೊಡೆದ ಹಲಗೆಯ ಮೇಲೆ, ಸಂತ ನಿಕೊಲಸರ ಪಟದ ಪಕ್ಕದಲ್ಲಿ, ಡಬ್ಬಿ ನಾಲ್ಕು ಕಿವಿ ನಿಮಿರಿಸಿಕೊಂಡು ಕೂತಿತ್ತು. “ಯಾಕೆ, ಬರ್ತಾ ಇಲ್ವಾ ನಿಮಗೆ? ಚೆನ್ನಾಗೇ ಬರ್ಬೇಕಲ್ಲ.”

“ಬರ್ತಾ ಇರೋದೇ ತೊಂದ್ರೆ. ಗೋಡೆ ದಾಟಿ ಮಕ್ಕಳು ಮಲಗೋ ಕೋಣೆಗೆ ಬರ್ತಾ ಇದೆ. ಇವತ್ತೊಂದಿನ ಆರಿಸ್ಬಿಡು ಮಾರಾಯ.”

“ಆರ್ಸೋದಾ? ಮೇಷ್ಟ್ರೇ, ಇದು ನನ್ನ ಗೋಡೆ, ನನ್ನ ಡಬ್ಬಿ. ಆಚೆ ಕಡೆ ಮಕ್ಕಳನ್ನ ಮಲಗಿಸಿ ಅಂತ ನಾನು ಹೇಳಿದ್ನಾ? ಇದಿಲ್ಲದಿದ್ರೆ ಈ ಮುದುಕರು ನನ್ನ ಕಾಫಿಗೋಸ್ಕರ ಬರ್ತಾರೆ ಅಂದ್ಕೊಂಡ್ರಾ?”

ಹಂಬಿಸ್ ಬಟ್ಟಲು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು ಹೇಳಿದ:

“ಗೋಡೆ ದಾಟಿ ಹೋಗುತೈತೆ ತೋಫಿಸಣ್ಣನ ಗಾಳಿ,
ಬಟ್ಟಲೊಳಗೆ ಕಾಫಿ ಮಾತ್ರ ಅರ್ಧಕ್ಕರ್ಧ ಖಾಲಿ.”

“ನಿಮ್ಮ ಲೆಕ್ಕ ಬಾಕಿ ಇದೆ ಮುಖ್ತಾರ್ರೇ, ಪದ ಹೇಳಿ ತೀರ್ಸೋಕಾಗಲ್ಲ,” ಎಂದ ತೋಫಿಸ್.

ಈ ಮಾತು ಅಲ್ಲಿಗೇ ನಿಂತಿದ್ದರೆ ಸ್ತಾಥಿಸ್ ಹೇಗೋ ಕೈಕಾಲು ಹಿಡಿದು ಡಬ್ಬಿ ಆರಿಸಿಕೊಳ್ಳುತ್ತಿದ್ದ. ಆದರೆ ಅದೇ ಹೊತ್ತಿಗೆ ದೆಸ್ಪುಲ್ಲೂ ಅಜ್ಜಿ ತನ್ನ ಅವಳಿ ಮೊಮ್ಮಕ್ಕಳನ್ನು ಎರಡು ಕೈಗೆ ಎರಡು ಹಿಡಿದುಕೊಂಡು ಶಿಶುವಿಹಾರಕ್ಕೆ ಬಿಡಲು ಹೊರಟವಳು, ಅಂಗಡಿಯ ಮುಂದೆ ಕಿರ್ರ್ ಸದ್ದು ಕೇಳಿ ನಿಂತಳು. ಹಂಬಿಸನಿಗೆ ಪದ ತಿರುಗಿಸುವವಳು ಇವಳೇ. ಆಳು ಗಿಡ್ಡ, ದನಿ ಎತ್ತರ.

“ಏನು ಮಗಾ ಅದು, ಕೈಯಲ್ಲಿ ಅರಚ್ತಾ ಇರೋದು?”

“ಏನಿಲ್ಲ ಅಜ್ಜಿ. ಅಲೆ ಅಳೆಯೋದು. ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಕೂಗತ್ತೆ.”

ಅಜ್ಜಿ ಕೈ ಬಿಟ್ಟದ್ದೇ ತಡ, ಅವಳಿಗಳು ಯಂತ್ರ ನೋಡಲು ಓಡಿ ಬಂದವು. ಹಿಂದೆಯೇ ಅಜ್ಜಿಯೂ ಬಂದಳು. ಅವರು ಹತ್ತಿರ ಬಂದಹಾಗೆಲ್ಲ ಯಂತ್ರ ಕಿರುಚಿತು. ಅಜ್ಜಿ ನಿಂತಳು, ಅದೂ ನಿಂತ ದನಿಯಲ್ಲೇ ಕೂಗಿತು. ಒಂದು ಹೆಜ್ಜೆ ಮುಂದಿಟ್ಟಳು. ಅದು ಮೈಮೇಲೆ ಬಂದಂತೆ ಅರಚಿತು.

“ಅಯ್ಯೋ ನನ್ನ ತಾಯಿ, ಮಕ್ಕಳಿಗೇ ಹತ್ಕೊಂಡ್ಬಿಟ್ಟಿದೆ,” ಎಂದಳು ದೆಸ್ಪುಲ್ಲೂ.

“ಹಾಗಲ್ಲ ಅಜ್ಜಿ, ಅದು ಹತ್ಕೊಳ್ಳೋಂಥದ್ದಲ್ಲ—”

“ಸುಮ್ನಿರು ನೀನು. ನಿನಗಿನ್ನೂ ಮಕ್ಕಳಾಗಿಲ್ಲ.”

ಅವಳು ಮನೆಗೆ ಹೋದದ್ದು ಕಾಣಲಿಲ್ಲ, ಬಂದದ್ದು ಕಂಡಿತು. ಕೈಯಲ್ಲಿ ಕೆಂಡದ ಧೂಪಾರತಿ. ಅದರಲ್ಲಿ ಚರ್ಚಿನಲ್ಲಿ ಮಂತ್ರಿಸಿ ತಂದಿದ್ದ ಆಲಿವ್ ಎಲೆಗಳು ಚಟಪಟ ಎನ್ನುತ್ತಿದ್ದವು. ದೃಷ್ಟಿಯಾದ ಮಗುವಿಗೆ, ಹಾಲು ಬತ್ತಿದ ಮೇಕೆಗೆ, ಹೊಸದಾಗಿ ಕೊಂಡ ಟ್ರ್ಯಾಕ್ಟರಿಗೆ ಹಿಡಿಯುವ ಹೊಗೆಯನ್ನೇ ಅವಳಿಗಳ ತಲೆಯ ಸುತ್ತ ಮೂರು ಸಲ ಸುತ್ತಿಸಿದಳು. ಮಕ್ಕಳು ಕೆಮ್ಮಿದವು, ನಕ್ಕವು. ಹೊಗೆಗೆ ಊರಿನ ಹೆಂಗಸರೆಲ್ಲ ಕಿಟಕಿ ತೆರೆದರು. ಅವಳಿಗಳಿಗೆ ಏನಾಯಿತು ಎಂದು ಕೇಳುತ್ತ ಒಬ್ಬೊಬ್ಬರೇ ಇಳಿದು ಬಂದರು.

“ಈಗ ಹಿಡಿ ಮಗಾ ನಿನ್ನ ಜೀರುಂಡೆ,” ಎಂದಳು ಅಜ್ಜಿ.

ಸ್ತಾಥಿಸ್ ಹಿಡಿದ. ಅದು ಮೊದಲಿಗಿಂತ ಜೋರಾಗಿ ಕೂಗಿತು. ಹೆಂಗಸರು ಎದೆಯ ಮೇಲೆ ಶಿಲುಬೆ ಎಳೆದುಕೊಂಡರು. ಸ್ತಾಥಿಸನಿಗೆ ಆಗ ಅನುಮಾನ ಬಂದು, ಯಂತ್ರವನ್ನು ಮಕ್ಕಳ ತಲೆಯಿಂದ ಮೆಲ್ಲಗೆ ಸರಿಸಿ ಅಜ್ಜಿಯ ಹೊಟ್ಟೆಯ ಕಡೆ ತಂದ. ಯಂತ್ರಕ್ಕೆ ಸಮಾಧಾನವಾಗಲಿಲ್ಲ, ಸಂಭ್ರಮವಾಯಿತು.

“ಅಜ್ಜಿ, ಮಡಿಲಲ್ಲಿ ಏನಿದೆ?”

“ಏನಿರತ್ತೆ? ಕರ್ಚೀಫು, ಬೀಗದ ಕೈ.” ಅವಳು ಏಪ್ರನ್ನಿನ ಜೇಬಿಗೆ ಕೈ ಹಾಕಿ ಮೊದಲು ಕರ್ಚೀಫು, ಆಮೇಲೆ ಬೀಗದ ಕೈ ತೆಗೆದಳು. ಜೇಬು ಇನ್ನೂ ಉಬ್ಬಿಕೊಂಡೇ ಇತ್ತು. ಅಷ್ಟು ಜನರೆದುರಿಗೆ ಅವಳು ಕೊನೆಗೆ ಮಗಳು ಕೊಡಿಸಿದ ಅಂಗೈಯಗಲದ ಫೋನು ತೆಗೆದಳು. “ಇದು ನಾನು ಬರೀ ಸಂತರ ದಿನ ನೋಡೋಕೆ ಇಟ್ಕೊಂಡಿರೋದು,” ಎಂದಳು.

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಯಂತ್ರ ಆ ಕಡೆ ತಿರುಗಿತು. ನಕ್ಕವಳ ಜೇಬೂ ಕೂಗಿತು. ಆಮೇಲೆ ಅದು ಸುತ್ತ ತಿರುಗಿದ ಕಡೆಯೆಲ್ಲ ಕೂಗಿತು. ಹಂಬಿಸ್ ಊರ ಯಜಮಾನನ ಗತ್ತಿನಲ್ಲಿ ಮುಂದೆ ಬಂದು, “ಶಾಂತಿ, ಶಾಂತಿ,” ಎನ್ನುವಾಗ ಅವನ ಎದೆಯೂ ಕೂಗಿತು. ಅಜ್ಜಿಗೆ ಬೇಕಾದದ್ದು ಅದೇ.

“ಯಜಮಾನಪ್ಪ ಬಂದ ನೋಡ್ರೆ ಮೀಸೆ ತಿರುವಿಕೊಂಡು,
ಜೇಬಿನೊಳಗೆ ಜೀರುಂಡೆಯ ಸಂಸಾರ ಹೊತ್ತುಕೊಂಡು.”

ಜನ ಹೋ ಎಂದರು. ಹಂಬಿಸ್ ಫೋನು ತೆಗೆದು ಕೊಟ್ಟ. ಅವನಿಗೆ ತಿರುಗಿ ಹೇಳಲು ಪದ ಹೊಳೆಯದೇ ಹೋದದ್ದು ಊರಿನ ನೆನಪಿನಲ್ಲಿ ಇದೇ ಮೊದಲು.

ಸ್ತಾಥಿಸನ ತಲೆಯಲ್ಲಿ ಆಗ ಒಂದು ದೀಪ ಹತ್ತಿತು. ಒಬ್ಬ ತೋಫಿಸನ ಡಬ್ಬಿಯಿಂದ ಪ್ರಯೋಜನವಿಲ್ಲ. ಇಡೀ ಊರು ಆರಬೇಕು. ಊರು ಹೇಗೂ ಹೆದರಿ ನಿಂತಿದೆ. ಅವನು ಅಂಗಡಿಯ ಕುರ್ಚಿ ಹತ್ತಿದ. ಎಳೆಯ ಮಕ್ಕಳು, ತೆಳ್ಳನೆ ಬುರುಡೆ, ಊರಿನ ಮರ್ಯಾದೆ ಎಂದೆಲ್ಲ ಹೇಳಿದ. ಪಾಠ ಹೇಳುವಾಗ ಎಂದೂ ಬಾರದ ಕಂಚಿನ ದನಿ ಅವನಿಗೆ ಅವತ್ತು ಎಲ್ಲಿಂದಲೋ ಬಂತು. ಕೇಳುತ್ತಿದ್ದವರ ಕಣ್ಣು ಒದ್ದೆಯಾಯಿತು. ಲಿಮಸೋಲು ನೆನೆದು ಅವನ ಕಣ್ಣೂ ಒದ್ದೆಯಾಯಿತು.

“ಹೀಗಾಗಿ ಎಲ್ಲರೂ ಇವತ್ತು ಆರಿಸ್ಬೇಕು,” ಎಂದು ಮುಗಿಸಿದ.

“ನಾನು ಆರಿಸ್ತೀನಿ. ತೋಫಿಸ್ ಆರಿಸ್ತಾನೆ ಅಂತ ಏನು ಗ್ಯಾರಂಟಿ?” ಎಂದಿತು ಒಂದು ದನಿ.

“ನಾನು ಆರಿಸಿದ್ರೂ ಪಾದ್ರಿಗಳ ಮನೇದು ಉರೀತಾನೇ ಇರತ್ತೆ,” ಎಂದ ತೋಫಿಸ್.

ಪಾದ್ರಿ ಸವ್ವಾಸ್ ಗದ್ದಲ ಕೇಳಿ ಚರ್ಚಿನಿಂದ ಆಗಷ್ಟೇ ಬಂದು ನಿಂತಿದ್ದರು. ಸಾಧು ಮನುಷ್ಯ, ಯಾರ ಮೇಲೂ ದನಿ ಎತ್ತಿದವರಲ್ಲ. ಅವರು ಅವಳಿಗಳ ತಲೆ ನೇವರಿಸಲು ಬಗ್ಗಿದರು. ಯಂತ್ರ ಅವರ ಕರಿಯ ನಿಲುವಂಗಿಯ ಮಡಿಕೆಗಳ ಕಡೆಗೆ ಒಮ್ಮೆ ಸಣ್ಣಗೆ, ಹೆದರಿಕೊಂಡೇ, ಕಿರ್ರ್ ಅಂದಿತು.

ಎಲ್ಲರೂ ನೆಲ ನೋಡಿದರು.

“ನನ್ನದೂ ಇದೆ ಮಕ್ಕಳೇ,” ಎಂದರು ಪಾದ್ರಿಗಳು, ಮುಖ ಕೆಂಪಗಾಗಿ. “ಗಂಟೆ ಹೊಡೆಯೋದು ಈಗ ಇದರಿಂದಲೇ. ಮೆಟ್ಟಿಲು ಹತ್ತೋಕೆ ಮಂಡಿ ಕೇಳಲ್ಲ. ಹಾಸಿಗೇಲಿ ಮಲಗಿಕೊಂಡೇ ಬೆಳಗಿನ ಗಂಟೆ ಒತ್ತುತ್ತಿದ್ದೆ. ದೇವರು ಕ್ಷಮಿಸಲಿ.”

ಹಾಸಿಗೆಯಿಂದ ಬಂದ ಗಂಟೆಗೆ ತಾವು ದಿನವೂ ಹಾಸಿಗೆ ಬಿಟ್ಟು ಏಳುತ್ತಿದ್ದೆವಲ್ಲ ಎಂದು ಕೆಲವರಿಗೆ ಅನ್ನಿಸಿತು. ಆದರೆ ಪಾದ್ರಿಗಳು ಅಷ್ಟು ಸರಳವಾಗಿ ಒಪ್ಪಿಕೊಂಡ ಮೇಲೆ ಇನ್ನು ಉಳಿದವರಿಗೆ ನೆಪವಿರಲಿಲ್ಲ. ಪ್ರಶ್ನೆ ಒಂದೇ ಉಳಿಯಿತು: ಎಲ್ಲವನ್ನೂ ತಂದು ಎಲ್ಲಿ ಇಡುವುದು? ತೋಫಿಸನ ಬೀರುವಿನ ಮೇಲೆ ಯಾರಿಗೂ ನಂಬಿಕೆಯಿಲ್ಲ. ಮುಖ್ತಾರನ ಕಚೇರಿಯ ಬೀಗಕ್ಕೆ ಊರಿನ ಯಾವ ಬೀಗದ ಕೈಯಾದರೂ ಆಗುತ್ತದೆ.

“ನನ್ನ ಒಲೇಲಿ ಇಡಿ,” ಎಂದಳು ದೆಸ್ಪುಲ್ಲೂ.

ಅವಳ ಹಿತ್ತಿಲಲ್ಲಿ ಗುಮ್ಮಟದ ಹಾಗಿನ ಮಣ್ಣಿನ ಒಲೆ ಇತ್ತು. ಹಬ್ಬಕ್ಕೆ ಕುರಿಮಾಂಸ ಬೇಯಿಸುವುದು ಅದರಲ್ಲೇ: ಮಾಂಸದ ಮಡಕೆ ಒಳಗಿಟ್ಟು, ಬಾಯಿಗೆ ಬಂಡೆ ಮುಚ್ಚಿ, ಸುತ್ತ ಹಸಿಮಣ್ಣು ಮೆತ್ತಿದರೆ ಹೊತ್ತಾಗುವ ತನಕ ಅದನ್ನು ತೆರೆಯುವಂತಿಲ್ಲ, ಸೂಜಿಮೊನೆಯಷ್ಟು ಬಿರುಕು ಬಿಟ್ಟರೂ ಮಾಂಸ ಕೆಟ್ಟಿತು, ಮನೆಯ ಹೆಸರು ಕೆಟ್ಟಿತು. ಇವತ್ತು ಮೇಡಂಗೆಂದು ಕುರಿ ಬೇಯಿಸಲು ಅಜ್ಜಿ ಅದನ್ನು ಗುಡಿಸಿ ಇಟ್ಟಿದ್ದಳು.

“ರಾತ್ರಿಯೆಲ್ಲ ಉರಿಬಿಸಿ ಹಿಡಿದಿಡೋ ಒಲೆ ಅದು,” ಎಂದಳು. “ಈ ನಿಮ್ಮ ಅಲೆ ಏನು ದೊಡ್ಡದು? ಕುರಿ ಹೋದ್ರೆ ಹೋಯ್ತು, ಆ ಯಮ್ಮ ತೋಫಿಸನ ಅಲಸಂದೆ ತಿನ್ಲಿ.”

ಮೆರವಣಿಗೆ ಹೊರಟಿತು. ಮನೆಮನೆಯಿಂದ ಡಬ್ಬಿಗಳು ಬಾಲದಂತೆ ತಂತಿ ಎಳೆದುಕೊಂಡು ಬಂದವು. ತೋಫಿಸ್ ತನ್ನ ನಾಲ್ಕು ಕಿವಿಯದನ್ನು ಹಸುಗೂಸಿನ ಹಾಗೆ ಎದೆಗೆ ಅವುಚಿಕೊಂಡು ಬಂದ. ಒಲೆಯ ಮುಂದೆ ಎಲ್ಲರೂ ನಿಂತರು, ಯಾರೂ ಮೊದಲು ಹಾಕಲಿಲ್ಲ.

“ಮೇಷ್ಟ್ರು ಹಾಕ್ಲಿ,” ಎಂದ ಹಂಬಿಸ್.

ಸ್ತಾಥಿಸ್ ತನ್ನ ಫೋನನ್ನು ಒಮ್ಮೆ ನೋಡಿ, ಒಲೆಯೊಳಗೆ ತಳ್ಳಿದ. ಅದು ಜಾರಿ ಆಚೆ ತುದಿಗೆ ಹೋಗಿ ಟಣ್ ಅಂದಿತು. ಅದರ ಮೇಲೆ ಊರಿನದೆಲ್ಲ ಬಿತ್ತು. ಅಜ್ಜಿ ಮಣ್ಣು ಮೆತ್ತಿದಳು. ಪಾದ್ರಿಗಳು ಹಸಿಮಣ್ಣಿನ ಮೇಲೆ ಬೆರಳಿನಿಂದ ಶಿಲುಬೆ ಎಳೆದರು.

“ಯಾವಾಗ ತೆಗೆಯೋದು?” ಎಂದ ತೋಫಿಸ್, ಮಣ್ಣು ಆರುವ ಮೊದಲೇ.

ಮೇಡಂ ಬಂದು ಹೋಗುವುದರೊಳಗೆ ಇವನು ಹಿಂದಿನ ಬಾಗಿಲಿನಿಂದ ಬಂದು ಕೊರೆದಾನು ಎಂದು ಸ್ತಾಥಿಸನಿಗೆ ಭಯವಾಯಿತು. ಆ ಭಯದಲ್ಲಿ ಅವನ ಬಾಯಿಂದ ಒಂದು ಸುಳ್ಳು ಸಲೀಸಾಗಿ ಜಾರಿತು. “ಅವರು ಒಂದೇ ದಿನ ಬರ್ತಾರೆ ಅಂತಿಲ್ಲ. ನಾಳೆ ಹೇಳದೆ ಕೇಳದೆ ಮತ್ತೆ ಬರಬಹುದು. ನಾಡಿದ್ದೂ ಬರಬಹುದು. ಭಾನುವಾರದ ಪೂಜೆ ಮುಗಿಯೋ ತನಕ ಯಾರು ಬಂದು ಕೇಳಿದ್ರೂ ತೆಗೀಬಾರ್ದು. ನಾನೇ ಬಂದು ಕೇಳಿದ್ರೂ ತೆಗೀಬಾರ್ದು.”

“ಕನ್ಯಾಮಾತೆ ಸಾಕ್ಷಿ,” ಎಂದಳು ಅಜ್ಜಿ. ಊರೆಲ್ಲ ಹಾಗೇ ಅಂದಿತು.

ಸ್ತಾಥಿಸ್ ಶಾಲೆಗೆ ಓಡಿ ಬಂದು ಯಂತ್ರ ಹಿಡಿದ. ನೀಲಿ ಕತ್ತೆಯ ಹೊಟ್ಟೆಗೆ ಹಿಡಿದ, ಹಾಸಿಗೆಗಳ ಮೇಲೆ ಹಿಡಿದ. ಮುಳ್ಳು ಹಸಿರಿನ ಮೂಲೆಯಲ್ಲಿ ಊಟವಾದ ಬೆಕ್ಕಿನ ಹಾಗೆ ಮಲಗಿತ್ತು.

ಮಧ್ಯಾಹ್ನ ಸೇತುವೆಯ ತಿರುವಿನಲ್ಲಿ ಮೇಡಂ ಕಾರು ಕಂಡಿತು. ಫೋನು ಒಲೆ ಸೇರಿದ್ದರಿಂದ ಹನ್ನೆರಡರ ಗಂಟೆ ಹೊಡೆಯುವವರಿರಲಿಲ್ಲ. ಪಾದ್ರಿ ಸವ್ವಾಸ್ ಮಂಡಿ ಹಿಡಿದುಕೊಂಡು, ಮೆಟ್ಟಿಲಿಗೊಂದು ಪ್ರಾರ್ಥನೆ ಹೇಳುತ್ತ ಗೋಪುರ ಹತ್ತಿದರು. ಹಗ್ಗ ಎಳೆದರು. ಮೊದಲು ಒಂದು ಏಟು ತಪ್ಪಿತು, ಮತ್ತೊಂದು ಅರ್ಧಕ್ಕೆ ನಿಂತಿತು. ಆಮೇಲೆ ಕೈಗೆ ಹಳೆಯ ನೆನಪು ಬಂದು ಗಂಟೆ ಬೆಟ್ಟದಿಂದ ಬೆಟ್ಟಕ್ಕೆ ಹಾರಿತು. ಅದು ಫೋನು ಒತ್ತಿ ಹೊಡೆಸುವ ಗಂಟೆಯಂತಿರಲಿಲ್ಲ. ಅದರಲ್ಲಿ ಒಬ್ಬ ಮನುಷ್ಯನ ಏದುಸಿರು ಇತ್ತು. ಹಾಸಿಗೆ ಹಿಡಿದಿದ್ದ ಮುದುಕರು ಕೂಡ ಬಾಗಿಲಿಗೆ ಬಂದು ಟೋಪಿ ತೆಗೆದರು.

ಕಲ್ಲಿಯೋಪಿ ಮೇಡಂ ಇಳಿದರು. ಎತ್ತರದ ಹೆಂಗಸು, ಕೈಯಲ್ಲಿ ಸ್ತಾಥಿಸನದಕ್ಕಿಂತ ದೊಡ್ಡ ಯಂತ್ರ. “ಏನು ಮೇಷ್ಟ್ರೇ, ಗಂಟೆ ಹೊಡೆಸಿ ಬರಮಾಡಿಕೊಳ್ತೀರಿ? ಆಮೇಲೆ ಮುಳ್ಳು ನೋಡಿ ಅಳಿಸಬೇಡಿ,” ಎನ್ನುತ್ತ ಶಿಶುವಿಹಾರದ ಹೊಸ್ತಿಲು ದಾಟಿದರು. ದಾಟಿದ್ದೇ, ಅವರ ಯಂತ್ರ ಕೊಳದ ಕಪ್ಪೆಯ ಹಾಗೆ ವಟಗುಟ್ಟಿ ಕೆಂಪಿಗೆ ಹಾರಿತು.

ಕಿಟಕಿಗೆ ಮೂಗು ಒತ್ತಿ ನಿಂತಿದ್ದ ಊರು ಉಸಿರು ಬಿಗಿಹಿಡಿಯಿತು. ಮೇಡಂ ಹುಬ್ಬೇರಿಸಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಧೂಪದ ಹೊಗೆಯೊಂದು ಒಳಗೆ ಬಂತು, ಹಿಂದೆಯೇ ದೆಸ್ಪುಲ್ಲೂ.

“ಹೊರಗೆ ನಡಿ ತಾಯಿ,” ಎಂದಳು.

“ಏನಮ್ಮಾ?”

“ನಿನ್ನ ಚೀಲದಲ್ಲಿ ಫೋನಿದೆ. ಮಕ್ಕಳಿರೋ ಜಾಗ ಇದು, ನಿನಗೆ ಯಾರೂ ಹೇಳಿಲ್ವಾ? ಪಾದ್ರಿಗಳೇ ಕೊಟ್ಟಿದ್ದಾರೆ, ನೀನ್ಯಾವ ದೊಡ್ಡೋಳು? ಮೊದ್ಲು ಅದನ್ನ ಕಾರಲ್ಲಿಟ್ಟು, ಕಾರನ್ನ ಸೇತುವೆ ಆಚೆ ನಿಲ್ಲಿಸಿ ಬಾ.”

ಸ್ತಾಥಿಸನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮೇಡಂ ಅಜ್ಜಿಯ ಮುಖ ನೋಡಿದರು, ಹೊಗೆ ನೋಡಿದರು, ತಮ್ಮ ಚೀಲ ನೋಡಿದರು. ಆಮೇಲೆ ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಚೀಲ ಅವುಚಿಕೊಂಡು ಇಳಿಜಾರಿನಲ್ಲಿ ಹೊರಟರು. ಅವರು ಸೇತುವೆಯಿಂದ ನಡೆದೇ ಏರು ಹತ್ತಿ, ಬೆವರಿ, ಎರಡನೆಯ ಸಲ ಹೊಸ್ತಿಲು ದಾಟಿದಾಗ ಅವರ ಯಂತ್ರ ಬಾಯಿ ಬಿಡಲಿಲ್ಲ. ಗೋಡೆಗೆ ಹಿಡಿದರು. ಹಾಸಿಗೆಗೆ ಹಿಡಿದರು. ಕಿಟಕಿಯಾಚೆ ತೋಫಿಸನ ಮೂಗಿಗೇ ಹಿಡಿದರು. ಕೈಯಿಂದ ಯಂತ್ರವನ್ನು ಎರಡು ಸಲ ಬಡಿದು, ಕೆಟ್ಟಿದೆಯೇನೋ ಎಂದು ಕಿವಿಗಿಟ್ಟು ನೋಡಿದರು.

“ಸತ್ತಿದೆಯಾ ಇದು?” ಎಂದರು.

“ಇಲ್ಲ ಮೇಡಂ,” ಎಂದ ಸ್ತಾಥಿಸ್. “ಊರು ಬದುಕಿದೆ.”

ಈ ಮಾತು ಅವನಿಗೇ ಎಷ್ಟು ಹಿಡಿಸಿತೆಂದರೆ ಇನ್ನೊಮ್ಮೆ ಹೇಳೋಣವೇ ಎಂದುಕೊಂಡ. ಹೇಳುವ ಹೊತ್ತಿಗೆ ಕಿಟಕಿಯಾಚೆ ಚಪ್ಪಾಳೆ ಸಿಡಿಯಿತು. ಮಕ್ಕಳು ಯಾಕೆಂದು ಗೊತ್ತಿಲ್ಲದೆ ಕುಣಿದವು. ಗೋಪುರದಲ್ಲಿ ಇನ್ನೂ ದಣಿವಾರಿಸಿಕೊಳ್ಳುತ್ತಿದ್ದ ಪಾದ್ರಿಗಳು ಗದ್ದಲ ಕೇಳಿ ಗೆದ್ದೆವೆಂದು ತಿಳಿದು ಮತ್ತೆ ಗಂಟೆ ಎಳೆದರು. ಹಂಬಿಸ್ ಬೆಳಗಿನಿಂದ ಕಳೆದುಕೊಂಡಿದ್ದ ನಾಲಗೆ ಅವನಿಗೆ ವಾಪಸು ಸಿಕ್ಕಿತು:

“ಕುರಿಯ ಬಿಸಿಯ ಕಾದ ಒಲೆ ಊರ ಅಲೆಯ ಕಾಯಿತು,
ದೊಡ್ಡಪೇಟೆ ದೊಡ್ಡಮ್ಮನ ಮುಳ್ಳು ಮಲಗಿಹೋಯಿತು.”

ಸ್ತಾಥಿಸನನ್ನು ಹೆಗಲ ಮೇಲೆ ಎತ್ತಿಕೊಂಡು ಕಾಫಿ ಅಂಗಡಿಗೆ ತಂದರು. ತೋಫಿಸ್ ಎಲ್ಲರಿಗೂ ಅಲಸಂದೆ ಬಡಿಸಿ, ಮೇಲೆ ಎಣ್ಣೆ ಸುರಿದು, ಹಸಿ ಈರುಳ್ಳಿ ಒಡೆದಿಟ್ಟ. ಯಾರ ಲೆಕ್ಕಕ್ಕೂ ಬರೆಯಲಿಲ್ಲ. ವೈಫೈ ಇಲ್ಲದ ಅಂಗಡಿಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮಾತಾಡುತ್ತಿದ್ದರು. ಹೆಂಗಸರು ಮೇಷ್ಟ್ರ ತಟ್ಟೆಗೆ ಮೇಲೆ ಮೇಲೆ ಹಾಕಿದರು. “ನಮ್ಮ ಮೇಷ್ಟ್ರು,” ಎಂದಳು ದೆಸ್ಪುಲ್ಲೂ ಮೇಡಂಗೆ, ಅವನು ತನ್ನ ಹೊಟ್ಟೆಯಲ್ಲೇ ಹುಟ್ಟಿದವನೋ ಎಂಬಂತೆ. “ಬಂದಾಗ ಕಡ್ಡಿ ಹಾಗಿದ್ದ. ನೋಡು ಈಗ.”

ಸ್ತಾಥಿಸ್ ಎಲ್ಲರಿಗೂ ನಗುತ್ತ ಬಟ್ಟಲೆತ್ತಿದ. ಬಟ್ಟಲಿನೊಳಗೆ ಅವನಿಗೆ ಲಿಮಸೋಲಿನ ಕಡಲು ಕಾಣುತ್ತಿತ್ತು. ಮಂಚದ ತನ್ನ ಕಡೆ ಕಾಣುತ್ತಿತ್ತು.

ಮೇಡಂ ಕೈ ಒರೆಸಿಕೊಂಡು ಎದ್ದು ನಿಂತರು.

“ನಾನು ಎಷ್ಟೋ ಶಾಲೆ ನೋಡಿದ್ದೇನೆ,” ಎಂದರು. “ನಿಯಮ ನೋಡೋಕೆ ಬಂದವಳನ್ನೇ ಆ ನಿಯಮದ ಹೆಸರಲ್ಲಿ ಹೊರಗೆ ಕಳಿಸಿದ ಊರು ಇದೊಂದೇ. ಇಂಥ ಕೆಲಸ ಮಾಡಿಸಿದ ಮೇಷ್ಟ್ರು ಕೇಳಿದ್ದನ್ನ ನಾನು ಹೇಗೆ ಇಲ್ಲ ಅನ್ನಲಿ? ನಾನು ಮೇಲಕ್ಕೆ ಇವತ್ತೇ ಹೇಳ್ತೇನೆ. ನಿಮ್ಮ ಮೇಷ್ಟ್ರು ಮುಂದಿನ ತಿಂಗಳು ಲಿಮಸೋಲಿನಲ್ಲಿ ಇರ್ತಾರೆ.”

ಅವರು ಚಪ್ಪಾಳೆ ನಿರೀಕ್ಷಿಸಿದ್ದರು. ತೋಫಿಸನ ಕೈಯಿಂದ ಒಂದು ಚಮಚ ಕೆಳಗೆ ಬಿತ್ತು; ಅದು ಉರುಳುವುದು ಎಲ್ಲರಿಗೂ ಕೇಳಿಸಿತು.

“ಲಿಮಸೋಲಿನಲ್ಲಿ ಏನು?” ಎಂದಳು ದೆಸ್ಪುಲ್ಲೂ.

“ವರ್ಗಾವಣೆ ಅಮ್ಮಾ. ಮೂರು ವರ್ಷದಿಂದ ಕೇಳ್ತಾ ಇದ್ದಾರಂತಲ್ಲ, ನಿಮಗೆ ಹೇಳಿಲ್ವಾ?” ಮೇಡಂ ಸ್ತಾಥಿಸನ ಕಡೆ ತಿರುಗಿದರು. “ಒಂದೇ ಒಂದು ಕೆಲಸ ನಿಮ್ಮಿಂದ ಆಗ್ಬೇಕು ಮೇಷ್ಟ್ರೇ. ನೀವು ಒಪ್ಪಿದ್ದೀರಿ ಅಂತ ಇವತ್ತು ಸಂಜೆಯೊಳಗೆ ನೀವೇ ಒತ್ತಬೇಕು. ವರ್ಗಾವಣೆ ಅರ್ಜಿ ಇವತ್ತಿಗೆ ಮುಚ್ಚಿಹೋಗತ್ತೆ. ಸೇತುವೆ ಹತ್ತಿರ ಹೋಗಿ ನನ್ನ ಫೋನಲ್ಲೇ ತೆಗೆಯೋಣ, ಬನ್ನಿ. ನಿಮ್ಮ ಫೋನಿಗೆ ಒಂದು ಒಟಿಪಿ ಬರತ್ತೆ, ಅದನ್ನ ಹಾಕಿದ್ರೆ ಮುಗೀತು. ಎಲ್ಲಿ ನಿಮ್ಮ ಫೋನು?”

ಸ್ತಾಥಿಸ್ ಹಂಬಿಸನ ಕಡೆ ನೋಡಿದ. ಹಂಬಿಸ್ ತನ್ನ ಮೀಸೆ ನೋಡಿಕೊಳ್ಳಲು ಕಣ್ಣು ಕೆಳಗಿಳಿಸಿದ. ತೋಫಿಸನ ಕಡೆ ನೋಡಿದ. ಬೆಳಿಗ್ಗೆಯಷ್ಟೇ ಮಣ್ಣು ಆರುವ ಮೊದಲೇ ಯಾವಾಗ ತೆಗೆಯೋದು ಎಂದು ಕೇಳಿದ್ದ ತೋಫಿಸ್, “ಮಾತು ಅಂದ್ರೆ ಮಾತು ಮೇಷ್ಟ್ರೇ,” ಎಂದು ತಟ್ಟೆಗಳನ್ನು ಎತ್ತತೊಡಗಿದ. ಮೇಷ್ಟ್ರ ಮುಂದಿದ್ದ ಅರ್ಧ ತುಂಬಿದ ತಟ್ಟೆಯನ್ನೂ ಎತ್ತಿದ. ಪಾದ್ರಿ ಸವ್ವಾಸರ ಕಣ್ಣಿನಲ್ಲಿ ಕನಿಕರವಿತ್ತು. ಆದರೆ ಅವರು ಮೆಲ್ಲಗೆ, “ಕನ್ಯಾಮಾತೆಯ ಹೆಸರು ತೆಗೆದುಕೊಂಡದ್ದು ನಾವೇ ಅಲ್ಲವೇ ಮಗೂ,” ಎಂದರು.

ದೆಸ್ಪುಲ್ಲೂ ಕುಳಿತಿದ್ದ ಕುರ್ಚಿ ಖಾಲಿಯಾಗಿತ್ತು.

ಸ್ತಾಥಿಸ್ ಹಿತ್ತಿಲಿಗೆ ಓಡಿದ. ಅಜ್ಜಿ ಆಗಲೇ ಅಲ್ಲಿದ್ದಳು. ಒಲೆಯ ಬಾಯಿಗೆ ಬೆನ್ನು ಕೊಟ್ಟು, ಒಂದು ಮೊಣಕಾಲು ಮಡಿಸಿ, ಮಡಿಲಲ್ಲಿ ಬಟಾಣಿ ಬುಟ್ಟಿ ಇಟ್ಟುಕೊಂಡು ಸುಲಿಯುತ್ತಿದ್ದಳು. ಬಾಯಿಗೆ ಮೆತ್ತಿದ ಮಣ್ಣು ಬಿಸಿಲಿಗೆ ಕಲ್ಲಾಗಿತ್ತು. ಊರೆಲ್ಲ ಅವನ ಹಿಂದೆಯೇ ಬಂದು ಬೇಲಿಯುದ್ದಕ್ಕೂ ನಿಂತಿತು. ಮೇಡಂ ಕೂಡ ಬಂದು ನಿಂತರು. ಇಷ್ಟೆಲ್ಲ ಆದಮೇಲೆ ಅವರಿಗೂ ಮುಂದೇನಾಗುತ್ತದೆಂದು ನೋಡುವ ಆಸೆಯಿತ್ತು.

“ಅಜ್ಜಿ,” ಎಂದ ಸ್ತಾಥಿಸ್. “ನಾನು ಹೇಳ್ಬೇಕಾಗಿತ್ತು. ತಪ್ಪಾಯ್ತು.”

“ಹ್ಞೂಂ.”

“ನನ್ನ ಹೆಂಡ್ತಿ ಅಲ್ಲಿ ಒಬ್ಬಳೇ ಇದಾಳೆ ಅಜ್ಜಿ.”

“ಇಲ್ಲಿಗೆ ಬರ್ಲಿ. ಈ ಊರಲ್ಲಿ ಹೆಂಗಸರ ತಲೆ ನೋಡಿದೀಯಾ? ಕತ್ರಿ ಹಾಕೋರಿಲ್ದೆ ಪೊದೆ ಆಗಿ ನಿಂತಿವೆ.” ಬೇಲಿಯ ಮೇಲಿದ್ದ ಅಷ್ಟು ತಲೆಗಳೂ ಹೌದೆಂದು ಆಡಿದವು.

“ನನ್ನದೊಂದೇ ತೆಗೆದ್ರೆ ಸಾಕು. ಒಂದು ಕೈ ಹೋಗೋವಷ್ಟು ಮಾತ್ರ ಒಡೆಯೋಣ. ಆಮೇಲೆ ನಾನೇ ಮಣ್ಣು ಕಲಸ್ತೀನಿ, ನಾನೇ ಮೆತ್ತುತೀನಿ, ಮೊದ್ಲಿಗಿಂತ ಗಟ್ಟಿಯಾಗಿ. ಮಕ್ಕಳು ಮನೆಗೆ ಹೋಗಿದ್ದಾರೆ. ತಪಾಸಣೆ ಮುಗಿದಿದೆ. ಯಾರಿಗೂ ಏನೂ ಆಗಲ್ಲ. ಒಂದೇ ಗಳಿಗೆ ಅಜ್ಜಿ, ನಿನ್ನ ಕಾಲು ಹಿಡೀತೀನಿ, ತೆಗೀತೀಯಾ?”

ದೆಸ್ಪುಲ್ಲೂ ಒಂದು ಸಿಪ್ಪೆ ಬಿಡಿಸಿ, ಕಾಳುಗಳನ್ನು ಬುಟ್ಟಿಗೆ ಉದುರಿಸಿ, ಬೆನ್ನನ್ನು ಇನ್ನಷ್ಟು ಹಾಯಾಗಿ ಒಲೆಗೆ ಆನಿಸಿಕೊಂಡಳು.

“ತೆಗೆಯಲ್ಲ,” ಎಂದಳು.